ಒಂಬತ್ತು ಗೇಣಿನ ಮಂಚ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಮೇಕೆಯ ನಾಲಿಗೆ.

ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಸಾಲು ಮನೆಗಳನ್ನು ಕಟ್ಟಿಸಿದ ಬಿಳಿ ದೊರೆಗಳು, ಮುಂದೊಂದು ದಿನ ಅಲ್ಲಿ ಬೈರೇಶನಂಥವನು ಬಂದು ಮಲಗುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಕೋಣೆ, ಅದರ ಬೆನ್ನಿಗೆ ಅಂಟಿಕೊಂಡ ಅಡುಗೆಮನೆ, ಅಷ್ಟೇ. ಬೈರೇಶನಾದರೋ ಬಗ್ಗಿ ಒಳಗೆ ಹೋಗಿ, ಬಗ್ಗಿಯೇ ಹೊರಗೆ ಬರಬೇಕಾದ ಆಳು. ಮದುವೆಯ ದಿನ ಹೆಂಡತಿ ಅರುಣಕುಮಾರಿ ಅವನ ಕೊರಳಿಗೆ ಹಾರ ಹಾಕಲು ಮಣೆಯ ಮೇಲೊಂದು ಮಣೆ ಇಟ್ಟು ಹತ್ತಿದ್ದಳು. ಅಂಥವನ ಕೋಣೆಯಲ್ಲಿ ಎರಡು ನೀಲಿ ಡ್ರಮ್ಮು ನೀರು, ತವರಿನಿಂದ ಬಂದ ಕಬ್ಬಿಣದ ಟ್ರಂಕು, ರಾಗಿ ಮೂಟೆ, ಒರಳುಕಲ್ಲು ಎಲ್ಲವೂ ಕಾಲು ಚಾಚಿಕೊಂಡು ಮಲಗಿದ್ದವು. ಅವು ಬಿಟ್ಟ ಜಾಗದಲ್ಲಿ ಗಂಡಹೆಂಡತಿ ಮಲಗಬೇಕಿತ್ತು. ಬೈರೇಶ ಮಂಡಿ ಮಡಿಸಿದರೆ ಡ್ರಮ್ಮಿಗೆ ಬಡಿಯುತ್ತಿತ್ತು, ಮಡಿಸದಿದ್ದರೆ ಪಾದಗಳು ಹೊಸ್ತಿಲು ದಾಟಿ ಬೀದಿಗೆ ಹೋಗುತ್ತಿದ್ದವು.

ಬೀದಿಗೆ ಹೋದ ಪಾದಗಳಿಗೆ ಒಡತಿ ರಾಣಿ. ಎದುರು ಮನೆಯ ಪೆರುಮಾಳನ ಮೇಕೆ. ಪೆರುಮಾಳ್ ಗಣಿ ಮುಚ್ಚುವ ತನಕ ನೆಲದಡಿ ದುಡಿದವನು, ಈಗ ನೆಲದ ಮೇಲಿನ ಎಲ್ಲರ ವ್ಯವಹಾರದಲ್ಲೂ ದುಡಿಯುತ್ತಿದ್ದ. ಬೆಳಕು ಹರಿಯುವ ಮುಂಚೆಯೇ ಅವನ ರಾಣಿ ಬಂದು ಬೈರೇಶನ ಅಂಗಾಲನ್ನು ಉಪ್ಪಿಗಾಗಿ ನೆಕ್ಕುತ್ತಿತ್ತು. ಬೈರೇಶನಿಗೆ ಕಚಗುಳಿ ಅಂದರೆ ಜೀವ ಹೋದಷ್ಟು. ಕಿಸಕ್ಕನೆ ನಕ್ಕು ಎದ್ದು ಕೂತಾಗ ತಲೆ ಟ್ರಂಕಿಗೆ ಬಡಿಯುತ್ತಿತ್ತು. ಲೈನಿನವರು, 'ಪಾಪ, ಬೈರೇಶ ದಿನಾ ನಗ್ತಾನೇ ಏಳ್ತಾನೆ, ಪುಣ್ಯವಂತ' ಎಂದು ಮಾತಾಡಿಕೊಳ್ಳುತ್ತಿದ್ದರು.

ಒಂದು ದಿನ ಹಾಗೆ ತಲೆ ಸವರಿಕೊಳ್ಳುತ್ತಲೇ ಅವನು ತೀರ್ಮಾನ ಮಾಡಿದ. ಬಂಗಾರಪೇಟೆಯ ವರ್ಕ್‌ಶಾಪಿನಲ್ಲಿ ಊರವರ ಟ್ರ್ಯಾಕ್ಟರುಗಳಿಗೆಲ್ಲ ಟ್ರೈಲರು ಕಟ್ಟುವ ತಾನು, ತನಗಾಗಿ ಒಂದನ್ನು ಕಟ್ಟಿಕೊಂಡರೆ ಏನು? ಮೇಲೆ ತಗಡು, ಒಳಗೆ ಪ್ಲೈವುಡ್ಡು, ಕೆಳಗೆ ಎರಡು ಚಕ್ರ. ಒಳಗೊಂದು ಮಂಚ. ಉದ್ದ ತನ್ನದೇ ಕೈಯಲ್ಲಿ ಒಂಬತ್ತು ಗೇಣು. ಜೀವಮಾನದಲ್ಲಿ ಒಂದು ರಾತ್ರಿಯಾದರೂ ಕಾಲು ನೀಡಿ ಮಲಗಬೇಕು. ಅರುಣಕುಮಾರಿಗೂ ಸಮುದ್ರ ನೋಡುವ ಆಸೆ ಮದುವೆಗೆ ಮುಂಚಿನಿಂದ ಇತ್ತು. ಒಂದೇ ಗಾಡಿಯಲ್ಲಿ ಎರಡು ಆಸೆ ತೀರುವುದಾದರೆ ಯಾರು ಬೇಡ ಅಂತಾರೆ?

ಚೂರುಪಾರು ಕಬ್ಬಿಣ ಕೂಡಿಸಿ, ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಕೊನೆಗೂ ಕಟ್ಟಿ ಮುಗಿಸಿದ. ಮಂಚ ಮಾತ್ರ ಅವನ ಬುದ್ಧಿವಂತಿಕೆಯ ತುದಿ. ಮೇಜಿನ ಡ್ರಾಯರಿನ ಹಾಗೆ ಎಳೆದರೆ ಉದ್ದ, ತಳ್ಳಿದರೆ ಗಿಡ್ಡ. ಹಗಲು ತಳ್ಳಿ ಕೂರುವುದು, ರಾತ್ರಿ ಎಳೆದು ಮಲಗುವುದು. ಅದೊಂದು ಬಿಟ್ಟರೆ ಟ್ರೈಲರಿನಲ್ಲಿ ಒಂದು ಮೊಳೆಯೂ ಹೆಚ್ಚಿಗೆ ಇರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬೈರೇಶ ಅದನ್ನು ಮನೆ ಮುಂದೆ ನಿಲ್ಲಿಸಿ ಮಂಚ ಎಳೆದು ತೋರಿಸಿದ. ಅರುಣಕುಮಾರಿ ಒಳಗೆ ಇಣುಕಿ, ಒಂದು ಸುತ್ತು ಕಣ್ಣಾಡಿಸಿ, ಸೊಂಟದ ಮೇಲೆ ಕೈಯಿಟ್ಟಳು.

"ಒಲೆ ಎಲ್ಲಿ?"

"ಒಲೆ ಯಾಕೆ? ದಾರೀಲಿ ಓಟ್ಲು ಇರ್ತಾವೆ."

"ಓಟ್ಲಲ್ಲಿ ಮುದ್ದೆ ಮಾಡಿಕ್ತಾರಾ? ಎರಡನೇ ದಿನಕ್ಕೆ ಮುದ್ದೆ ಮುದ್ದೆ ಅಂತ ಬಡ್ಕೊಳ್ಳೋದು ನೀವೇ. ಆ ಮಂಚ ಒಂದ್ ಗೇಣು ಒಳೀಕ್ಕೆ ತಳ್ಳಿ. ಒಂದ್ ಗೇಣು ತಾನೆ?"

ಮುದ್ದೆಯ ಮಾತು ಬಂದರೆ ಬೈರೇಶ ಸೋತ ಹಾಗೆಯೇ. ಒಂದು ಗೇಣು ತಳ್ಳಿದ. ಗ್ಯಾಸ್ ಒಲೆ, ಮುದ್ದೆ ಕೋಲು, ಪಾತ್ರೆ ಎಲ್ಲ ಅಲ್ಲಿ ಕೂತವು. ಎಂಟು ಗೇಣಿನಲ್ಲಿ ಮಲಗಿ ನೋಡಿದ. ತಲೆ ಒಂದು ಕಡೆ, ಹಿಮ್ಮಡಿ ಇನ್ನೊಂದು ಕಡೆ ಮುಟ್ಟಿದವು. ಪರವಾಗಿಲ್ಲ, ಇಲ್ಲಿಗೆ ನಿಂತರೆ ಸಾಕು ಅಂದುಕೊಂಡ.

ಅಷ್ಟರಲ್ಲಿ ಲುಂಗಿ ಮೇಲಕ್ಕೆ ಕಟ್ಟಿಕೊಂಡು ಪೆರುಮಾಳ್ ಬಂದ. ಗಾಡಿಯನ್ನು ಮೂರು ಸಲ ಪ್ರದಕ್ಷಿಣೆ ಹಾಕಿ, ತಗಡಿನ ಮೇಲೆ ಬೆರಳು ಬಡಿದು, "ತಂಬಿ, ಗಾಡಿ ಸೂಪರ್. ಆದ್ರೆ ತಣ್ಣಿ?" ಅಂದ.

"ನೀರಾ? ಎಲ್ಲಾ ಕಡೆ ಸಿಗ್ತೈತಲ್ಲಣ್ಣ."

ಪೆರುಮಾಳ್ ಎದೆಗೆ ಕೈಯಿಟ್ಟುಕೊಂಡ. ಈ ಲೈನಿನಲ್ಲಿ ನೀರು ಎಲ್ಲಾ ಕಡೆ ಸಿಗುತ್ತದೆ ಅನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ನಲ್ಲಿ ಬರುವ ದಿನ ಮದುವೆಗೂ ಹೋಗದೆ ಕೊಡ ಕಾಯುವ ಜನ ಅವರು.

"ಅಯ್ಯೋ ಸಾಮಿ! ನೀನು ಓಗ್ತಿರೋದು ಕಡಲಿಗೆ. ಕಡಲು ಪೂರ್ತಿ ಉಪ್ಪು ತಣ್ಣಿ. ಕಣ್ಣೆದುರಿಗೆ ಅಷ್ಟು ನೀರಿಟ್ಕೊಂಡು ದಾಹದಲ್ಲಿ ಸಾಯ್ತೀಯಾ? ಇರು, ನಾನು ತಂದಾಕ್ತೀನಿ. ಒಂದ್ ಗೇಣು ತಾನೆ?"

ಬೈರೇಶ ಬೇಡ ಅನ್ನುವಷ್ಟರಲ್ಲಿ ಪೆರುಮಾಳ್ ಒಳಗೆ ಹೋಗಿ, ಕೋಣೆಯ ಎರಡೂ ಡ್ರಮ್ಮುಗಳನ್ನು ಒಂದರ ಹಿಂದೊಂದು ಉರುಳಿಸಿಕೊಂಡು ಬಂದು ಗಾಡಿಗೆ ಏರಿಸಿದ. ಈ ವಯಸ್ಸಿನಲ್ಲಿ ಇಷ್ಟು ಕಷ್ಟಪಡುವ ನೆರೆಯವನಿಗೆ ಇಲ್ಲ ಅನ್ನುವುದು ಹೇಗೆ? ಮಂಚ ಏಳು ಗೇಣಾಯಿತು. ಬೈರೇಶ ಮಲಗಿ ನೋಡಿದ. ಮಂಡಿ ಮೆಲ್ಲಗೆ ಮೇಲೆದ್ದಿತು.

ಹತ್ತರ ಬಸ್ಸಿಗೆ ಬೂದಿಕೋಟೆಯಿಂದ ಅತ್ತೆ ಮಂಗಮ್ಮ ಬಂದಿಳಿದಳು. ಮಗಳನ್ನು ಕಳಿಸಿಕೊಡಲು ಬಂದಿದ್ದಾಳೆ ಅಂತ ಬೈರೇಶ ತಿಳಿದ. ಅವಳ ಕೈಯಲ್ಲಿ ತುಪ್ಪದ ಡಬ್ಬಿ, ಹುರುಳಿಕಾಳಿನ ಗಂಟು, ಉಪ್ಪಿನಕಾಯಿ ಜಾಡಿ, ಕಂಕುಳಲ್ಲಿ ಒಂದು ಚಾಪೆ. ಆ ಚಾಪೆ ನೋಡಿ ಅವನು ಮಂಚಕ್ಕೆ ಅಡ್ಡ ನಿಂತ.

"ನಾನೂ ಸಮುದ್ರ ನೋಡಿಲ್ಲ ಕಣಪ್ಪ. ಹಸ ನೋಡ್ಕೊಳ್ಳಾಕೆ ಪಕ್ಕದ ಮನೆ ನಾರಾಯಣಮ್ಮಂಗೆ ಏಳಿ ಬಂದೀನಿ. ನಾನು ಯಾರ ಗೇಣೂ ಕೇಳಾಕಿಲ್ಲ, ಒಂದ್ ಮೂಲೇಲಿ ಮುದುರ್ಕೊಂತೀನಿ."

ಗೇಣು ಕೇಳಲಿಲ್ಲ ನಿಜ. ಆದರೆ ರಾಗಿ ಮೂಟೆ ಇಲ್ಲದೆ, ಒರಳುಕಲ್ಲು ಇಲ್ಲದೆ ಮೂರು ಜನ ಪರಸ್ಥಳಕ್ಕೆ ಹೋಗುವುದುಂಟೇ ಎಂದು ಕೇಳಿದಳು. ಒರಳು ಯಾಕೆ ಅಂದರೆ, ಮಿಕ್ಸಿಯಲ್ಲಿ ಅರೆದ ಕಾರ ತಿಂದು ಪರದೇಶದಲ್ಲಿ ಹೊಟ್ಟೆ ಕೆಟ್ಟರೆ ಯಾರು ನೋಡುತ್ತಾರೆ ಅಂದಳು. ಮೂಟೆ, ಒರಳು ಎರಡನ್ನೂ ಮಂಚದ ಅಡಿ ತೂರಿಸಬೇಕಾಯಿತು. ತೂರಲಿಲ್ಲ. ಆಗ ಬೈರೇಶ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ. ಪೆರುಮಾಳ್ ಬೆವರು ಒರೆಸಿಕೊಳ್ಳುತ್ತ ಮೂಟೆ ಹೊತ್ತು ತಂದ. ಎಲ್ಲ ಮುಗಿದ ಮೇಲೆ ಬೈರೇಶ ಮಲಗಿ ನೋಡಿ, ಅಭ್ಯಾಸಬಲದಿಂದ ಥಟ್ಟನೆ ಎದ್ದು ಕೂತ. ಹಣೆ ತಗಡಿಗೆ ಬಡಿದ ಸದ್ದಿಗೆ ಲೈನಿನ ನಾಯಿಗಳೆಲ್ಲ ಬೊಗಳಿದವು.

"ಒಳ್ಳೇ ಶಕುನ," ಅಂದಳು ಮಂಗಮ್ಮ. "ಗಂಟೆ ಬಾರಿಸ್ದಂಗಾಯ್ತು."

ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಅದರ ಜೊತೆ ಮುನಿಶಾಮಿ ಬಂದ. ಮಂಗಮ್ಮನ ತಮ್ಮ, ಅರುಣಕುಮಾರಿಗೆ ಸೋದರಮಾವ. ಹಿಂದೆ ಲಾರಿ ಓಡಿಸುತ್ತಿದ್ದವನು. ಈಗ ಲಾರಿ ಬಿಟ್ಟಿದ್ದಾನೆ, ಲಾರಿಯವರ ಗತ್ತು ಬಿಟ್ಟಿಲ್ಲ. ಟ್ರೈಲರನ್ನು ಎಳೆಯುವ ಕೆಲಸ ಅವನ ಹಳೇ ಜೀಪಿನದು. ಕೊಂಡಿ ಸಿಕ್ಕಿಸಿ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, ತಲೆ ಆಡಿಸಿದ.

"ಏನ್ಲಾ ಬೈರೇಶ, ಭಾರವೆಲ್ಲಾ ಹಿಂದಕ್ಕೆ ಆಕಿದ್ದೀಯ. ಮೂತಿ ಮೇಲಕ್ಕೆ ಎತ್ತೈತೆ ನೋಡು. ಇಂಗೇ ಓದ್ರೆ ಬಾಲ ಅಲ್ಲಾಡಿಸ್ಕೊಂಡು ಓಗ್ತೈತೆ. ತಿರುವಿನಾಗೆ ನಿನ್ ಗಾಡಿ ನನ್ ಜೀಪನ್ನ ಎಳೀತೈತೆ. ಮೂತಿಗೆ ಭಾರ ಬೇಕು ಕಣ್ಲಾ."

"ಭಾರ ಅಂದ್ರೆ?" ಎಂದು ಬೈರೇಶ ಕೇಳಿದ. ಟ್ರೈಲರು ಕಟ್ಟುವವನಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಅವನ ಲೆಕ್ಕದಲ್ಲಿ ಮೂತಿಯ ಭಾರ ಅವನೇ ಆಗಿದ್ದ, ತಲೆ ಮುಂದಿಟ್ಟು ಮಲಗಿ. ಡ್ರಮ್ಮು, ಒರಳುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಟ್ರಂಕು!" ಎಂದು ಪೆರುಮಾಳ್ ಕೂಗಿದ. ಯಾರಾದರೂ ಕೇಳಲಿ ಅಂತಲೇ ಕಾದಿದ್ದವನ ಹಾಗಿತ್ತು ಆ ಕೂಗು. "ಒಳಗೆ ಕಬ್ಬಿಣದ ಟ್ರಂಕು ಐತಲ್ಲ! ಅದೇ ಕರೆಕ್ಟು. ಒಂದ್ ಗೇಣು ತಾನೆ?"

ಹೊಸ್ತಿಲ ತನಕ ಟ್ರಂಕನ್ನು ಒಬ್ಬನೇ ಎಳೆದು ತಂದ. ಮಂಚ ಆರು ಗೇಣಿಗೆ ಇಳಿಯಿತು.

ಬೈರೇಶ ಈಗ ಮಲಗಿ ನೋಡಲೂ ಹೋಗಲಿಲ್ಲ. ಇಷ್ಟು ತಿಂಗಳು ಕನಸಿನಲ್ಲೂ ಸ್ಪ್ಯಾನರ್ ಹಿಡಿದು ಕಟ್ಟಿದ ಗಾಡಿ. ಅದರೊಳಗೆ ಒಲೆಗೆ, ನೀರಿಗೆ, ರಾಗಿಗೆ, ಒರಳಿಗೆ, ಅತ್ತೆಗೆ, ಅತ್ತೆಯ ಉಪ್ಪಿನಕಾಯಿಗೆ ಜಾಗವಿತ್ತು. ಕಟ್ಟಿದವನ ಮೊಣಕಾಲಿನಿಂದ ಕೆಳಗೆ ಮಾತ್ರ ಜಾಗವಿರಲಿಲ್ಲ. ಅವನಿಗೆ ನಿಜಕ್ಕೂ ಅಳು ಬಂತು. ಆದರೆ ಅಷ್ಟೆತ್ತರದ ಮನುಷ್ಯ ಅತ್ತರೆ ಲೈನಿನ ಕೊನೆಯ ಮನೆಯವರೆಗೂ ಕಾಣುತ್ತದೆಂದು ತಡೆದುಕೊಂಡ.

ಥಟ್ಟನೆ ಅವನಿಗೆ ಒಂದು ಉಪಾಯ ಹೊಳೆಯಿತು. ಕಟಿಂಗ್ ಮಷೀನು ತಂದು, ಬೇರೆಯವರು ಬಾಯಿ ತೆರೆಯುವ ಮುಂಚೆ ಗಾಡಿಯ ಹಿಂಭಾಗದ ತಗಡಿನಲ್ಲಿ ಚೌಕನೆಯ ಒಂದು ಕಿಂಡಿ ಕೊರೆದ. ಮಂಚದ ಮೇಲೆ ಮಲಗಿ ಎರಡೂ ಕಾಲುಗಳನ್ನು ಅದರಿಂದ ಹೊರಗೆ ಚಾಚಿದ. ಆಹಾ, ನೆಟ್ಟಗೆ ಚಾಚಿದವು!

ಹೊರಗೆ ನಿಂತವರಿಗೆ ಗಾಡಿಯ ಹಿಂದೆ ಎರಡು ಕಾಲು ಚಾಚಿಕೊಂಡಿರುವುದು ಮಾತ್ರ ಕಾಣುತ್ತಿತ್ತು.

ಮುನಿಶಾಮಿ ಗಂಭೀರವಾಗಿ ಅಂದ: "ಕಾಲೇನೋ ಇಡಿಸ್ತವೆ. ಆದ್ರೆ ರಾತ್ರಿ ಐವೇ ರೋಡ್ ಪಕ್ಕ ನಿಲ್ಸಿದಾಗ ಇಂದ್ಗಡೆ ಬರೋ ಲಾರಿಯೋನಿಗೆ ಗೊತ್ತಾಗೋದು ಬ್ಯಾಡ್ವಾ? ಕಂಬಿ ಲೋಡಿಗೆ ಕಟ್ದಂಗೆ ತುದಿಗೆ ಒಂದು ಕೆಂಪು ಬಟ್ಟೆ ಕಟ್ಕೊಳ್ಳಪ್ಪ. ರೂಲ್ಸು."

ಅರುಣಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬೈರೇಶ ನಗಲಿಲ್ಲ. ರೂಲ್ಸು ಅಂದರೆ ರೂಲ್ಸು. ಕೆಂಪು ಬಟ್ಟೆ ಹುಡುಕಲು ಮನೆಯೊಳಗೆ ಹೋದ.

ಹೋದವನು ಬಾಗಿಲಲ್ಲೇ ನಿಂತ. ಮನೆ ತಪ್ಪಿ ಬಂದೆನಾ ಅನ್ನಿಸಿತು. ಡ್ರಮ್ಮಿಲ್ಲ, ಟ್ರಂಕಿಲ್ಲ, ಮೂಟೆಯಿಲ್ಲ, ಒರಳಿಲ್ಲ. ಈ ಗೋಡೆಯಿಂದ ಆ ಗೋಡೆಗೆ ಬರೀ ನುಣ್ಣನೆಯ ಕೆಂಪು ಗಾರೆ ನೆಲ, ಕಿಟಕಿಯಿಂದ ಬಿದ್ದ ಬಿಸಿಲು. ಬೈರೇಶ ಮೆಲ್ಲಗೆ ಕೂತ. ಮೆಲ್ಲಗೆ ಮಲಗಿದ. ತಲೆ ಒಂದು ಮೂಲೆಗೆ, ಕಾಲು ಎದುರು ಮೂಲೆಗೆ. ಎಲ್ಲಿಗೂ ಬಡಿಯಲಿಲ್ಲ. ಬೆರಳುಗಳನ್ನು ಆಡಿಸಿದ. ಆಗಲೂ ಬಡಿಯಲಿಲ್ಲ. ಹೊಸ್ತಿಲು ಎಲ್ಲೋ ದೂರದಲ್ಲಿತ್ತು. ಸೊಂಟದಲ್ಲಿ ಎಷ್ಟೋ ವರ್ಷದಿಂದ ಮುದುರಿದ್ದ ಯಾವುದೋ ನರ 'ಅಮ್ಮಾ' ಎಂದು ಬಿಚ್ಚಿಕೊಂಡ ಹಾಗಾಯಿತು. ಸುಖ ಅಂದರೆ ಇದು. ಸಮುದ್ರ ಯಾರಿಗೆ ಬೇಕು?

ಎದ್ದು ಓಡಿಬಂದು ಬೀದಿಯಲ್ಲಿ ಸಾರಿದ: "ಎಲ್ಲಾ ಕೇಳಿ! ನಾವು ಓಗೋದಿಲ್ಲ. ಗಾಡಿ ಇಲ್ಲೇ ಇರ್ಲಿ, ಸಾಮಾನು ಅದ್ರಾಗೇ ಇರ್ಲಿ. ಇನ್ ಮೇಲೆ ಅದು ಉಗ್ರಾಣ. ನಾನು ಮನೇಲಿ ಮಲಗ್ತೀನಿ!"

ಇಂಥ ಸಂತೋಷದ ಸುದ್ದಿಗೆ ಚಪ್ಪಾಳೆ ಬೀಳುತ್ತದೆಂದು ಅವನು ಎಣಿಸಿದ್ದ. ಅರುಣಕುಮಾರಿಯ ಮುಖ ನೋಡಿದ ಮೇಲೆ ಗೊತ್ತಾಯಿತು. ಸಮುದ್ರಕ್ಕೆಂದೇ ತೆಗೆದಿಟ್ಟಿದ್ದ ನೀಲಿ ಸೀರೆ ಉಟ್ಟಿದ್ದಳು, ಮುಡಿಯಲ್ಲಿ ಕನಕಾಂಬರ. ಅವಳು ಮುಡಿಗೆ ಕೈ ಹಾಕಿ ಹೂವನ್ನು ಬಿಚ್ಚತೊಡಗಿದಳು. ಬೈದಿದ್ದರೆ ಅವನಿಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

"ಅಂದ್ರೆ... ನೀವು ಓಗ್ಬನ್ನಿ," ಎಂದು ತೊದಲಿದ. "ಅಮ್ಮ ಇದ್ದಾರೆ, ಮಾವ ಇದ್ದಾರೆ. ನಾನು ಮನೇಲಿರ್ತೀನಿ. ಎಲ್ರಿಗೂ ಅವರವರ ಆಸೆ ತೀರ್ತೈತೆ."

ಎಲ್ಲರಿಗಿಂತ ಮೊದಲು ಬೇಡ ಅಂದವನು ಪೆರುಮಾಳ್. ಅವನ ಮುಖ ಬಿಳಿಚಿಕೊಂಡಿತ್ತು. "ಛೆ ಛೆ, ತಪ್ಪು ತಂಬಿ! ಎಂಡ್ತೀನ ಬಿಟ್ಟು ಇರಬಾರ್ದು. ನೀನೂ ಓಗು. ಇವತ್ತು ಓಗ್ಲೇಬೇಕು! ಮನೇಲಿ ಏನೈತೆ?"

ಬೈರೇಶನಿಗೆ ಕಣ್ಣು ತೇವವಾಯಿತು. ತನ್ನ ಸಂಸಾರದ ಮೇಲೆ ಈ ಮನುಷ್ಯನಿಗೆ ಎಷ್ಟು ಅಕ್ಕರೆ! ಅರುಣಕುಮಾರಿ ಒಮ್ಮೆ ಪೆರುಮಾಳನನ್ನು, ಒಮ್ಮೆ ಗಂಡನನ್ನು ನೋಡಿದಳು. ಅವಳ ಮುಖದಲ್ಲಿ ಮೋಡ ಸರಿದು ಏನೋ ತುಂಟತನ ಮಿಂಚಿತು.

"ಬಿಡು ಪೆರುಮಾಳಣ್ಣ. ಅವ್ರಿಗೆ ಮನೇಲೇ ಮಲಗೋ ಆಸೆ ಅಂದ್ರೆ ಮಲಗ್ಲಿ. ನೀನೇನೂ ಬಾಯಿ ಬಿಡಬೇಡ. ಬಿಡ್ಲೇಬೇಡ."

ಪೆರುಮಾಳ್ ತೆರೆದ ಬಾಯಿಯನ್ನು ಮುಚ್ಚಿದ. ಮಂಗಮ್ಮ ಅಳಿಯನಿಗೆ ಎರಡು ಕೈಯಲ್ಲೂ ದೃಷ್ಟಿ ನಿವಾಳಿಸಿ ಗಾಡಿ ಹತ್ತಿದಳು. ಜೀಪು ಗುಡುಗಿತು. ಕಿಂಡಿ ಕೊರೆದ ಗಾಡಿ, ಮೂತಿ ಸರಿಯಾಗಿ ಇಳಿಸಿಕೊಂಡು, ಬಾಲ ಅಲ್ಲಾಡಿಸದೆ ಗಂಭೀರವಾಗಿ ಬಂಗಾರಪೇಟೆಯ ರಸ್ತೆ ಹಿಡಿಯಿತು.

ಬೈರೇಶ ಮನೆಯೊಳಗೆ ಬಂದು ಮಲಗಿದ. ಮೂಲೆಯಿಂದ ಮೂಲೆಗೆ. ಒಮ್ಮೆ ಅಂಗಾತ, ಒಮ್ಮೆ ಬೋರಲು, ಒಮ್ಮೆ ಸುಮ್ಮನೆ ಜಾಗ ಇದೆಯಲ್ಲ ಎಂದು ಉರುಳಾಡಿದ. ನಿದ್ದೆ ಬಂದಾಗ ಅವನ ಮುಖದಲ್ಲಿ ನಗುವಿತ್ತು, ಮೇಕೆಯ ಸಹಾಯವಿಲ್ಲದೆ ಬಂದ ನಗು.

ದೀಪ ಹಚ್ಚುವ ಹೊತ್ತಿಗೆ ಯಾರೋ ಅವನ ಹೊಟ್ಟೆಯ ಮೇಲೆ ಒಂದು ಹಾಸಿಗೆ ಸುರುಳಿ ಇಟ್ಟರು.

ಕಣ್ಣು ಬಿಟ್ಟ. ಕೋಣೆಯ ತುಂಬ ಜನ. ಅಜ್ಜಿಯರು, ಅತ್ತಿಗೆಯರು, ಕೂಸುಗಳು, ಮೀಸೆಯ ಗಂಡಸರು, ಒಂದು ತಾಂಬಾಳದ ತುಂಬ ಬಾಳೆಹಣ್ಣು. ಬಾಗಿಲ ಹೊರಗೆ ವ್ಯಾನೊಂದು ಇನ್ನೂ ಜನರನ್ನು ಇಳಿಸುತ್ತಲೇ ಇತ್ತು. ಒಬ್ಬ ಅಜ್ಜಿ ಅವನನ್ನು ತೋರಿಸಿ, "ಇದ್ಯಾರು, ಕಾವಲಿಗಾ?" ಎಂದು ತಮಿಳಿನಲ್ಲಿ ಕೇಳಿದಳು. ಹಿಂದೆ ಪೆರುಮಾಳ್ ನಿಂತಿದ್ದ, ಕೈಮುಗಿದುಕೊಂಡು.

"ತಂಬಿ, ಕೋಪ ಮಾಡ್ಕೋಬ್ಯಾಡ. ನಾಳೆ ಮೊಮ್ಮಗಳಿಗೆ ಕಿವಿ ಚುಚ್ಚೋ ಶಾಸ್ತ್ರ. ವಾಣಿಯಂಬಾಡಿಯಿಂದ ನೆಂಟ್ರು. ನನ್ ಮನೇಲಿ ಆಗ್ಲೇ ಮಾಡಿನ ಮ್ಯಾಲೂ ಜನ. ನೀವು ಊರಿಗೋಗ್ತೀರಿ, ಮನೆ ಖಾಲಿ ಅಂತ ನಿಮ್ ಮನೆಯೋರು ಓದ್ ವಾರವೇ ಬೀಗದಕೈ ಕೊಟ್ಟಿದ್ರು."

ಬೈರೇಶ ಎದ್ದು ಕೂತ. ಡ್ರಮ್ಮು ಉರುಳಿದ್ದು, ಮೂಟೆ ಹೊತ್ತಿದ್ದು, ಟ್ರಂಕು ಎಳೆದದ್ದು ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಅಂದ್ರೆ ಅದೆಲ್ಲಾ ನೀನು..."

"ಮಲಗೋಕೆ ಜಾಗ ಬೇಕಲ್ಲ ತಂಬಿ," ಎಂದು ಪೆರುಮಾಳ್ ನಾಚಿಕೊಂಡ. "ಒಂದ್ ಹದಿನೈದು ಗೇಣು ತಾನೆ?"

ಬಂದವರು ಒಳ್ಳೆಯವರು. ಬೈರೇಶನಿಗೆ ಪುಳಿಯೋಗರೆ ಕೊಟ್ಟರು, ಮುರುಕು ಕೊಟ್ಟರು, ಅವನ ಎತ್ತರ ನೋಡಿ ಸೊಳ್ಳೆಪರದೆಯ ಹಗ್ಗವನ್ನು ಅವನ ಕೈಯಲ್ಲೇ ಮೊಳೆಗೆ ಕಟ್ಟಿಸಿದರು. ಆಮೇಲೆ ಸಾಲಾಗಿ ಮಲಗಿದರು. ಅಜ್ಜಿಯರಿಗೆ ಗೋಡೆ ಬದಿ, ಕೂಸಿನವರಿಗೆ ನಡುವೆ. ಉಳಿದದ್ದು ಬಾಗಿಲ ಬಳಿಯ ಒಂದು ಪಟ್ಟಿ, ಅವನ ಹಳೆಯ ಜಾಗವೇ. ತಲೆ ಒಳಗಿಟ್ಟು ಮಲಗಿದ. ಪಾದಗಳು ತಮ್ಮ ಪಾಡಿಗೆ ತಾವು ಹೊಸ್ತಿಲು ದಾಟಿ ಬೀದಿಗೆ ಹೋದವು.

ಓಡಾಡುವ ನೆಂಟರು ಎಡವಬಾರದೆಂದು ಪೆರುಮಾಳ್ ಎಲ್ಲಿಂದಲೋ ಒಂದು ತುಂಡು ಕೆಂಪು ಬಟ್ಟೆ ತಂದು, ಅವನ ಹೆಬ್ಬೆರಳಿಗೆ ಭಕ್ತಿಯಿಂದ ಕಟ್ಟಿ ಹೋದ.

ಆಗ ಫೋನು ಬಂತು. ಅರುಣಕುಮಾರಿ.

"ನೆಂಟ್ರು ಬಂದ್ರಾ?" ಎಂದು ಕೇಳುವಾಗಲೇ ಅವಳ ದನಿಯಲ್ಲಿ ನಗು ಉಕ್ಕುತ್ತಿತ್ತು. "ನಿಮಗೆ ಈ ವಿಷ್ಯ ಏಳಬೇಕು ಅಂತಾನೇ ಇದ್ದೆ. ಸಮುದ್ರ ಬ್ಯಾಡ ಅಂದ್ರಲ್ಲ, ಅದಕ್ಕೆ ಏಳ್ಳಿಲ್ಲ."

"ಗಾಡಿ ಎಂಗೈತೆ?" ಅಂದ ಬೈರೇಶ, ದನಿ ತಗ್ಗಿಸಿ. ಎದೆಯ ಮೇಲೆ ಯಾರದೋ ಕೂಸು ಮಲಗಿತ್ತು.

"ಅಯ್ಯೋ, ಅದನ್ನೇನ್ ಕೇಳ್ತೀರಿ! ಬೂದಿಕೋಟೆ ಏರಲ್ಲಿ ಜೀಪು ಒಗೆ ಉಗುಳ್ತು. ಇಷ್ಟು ಭಾರ ಎಳೆಯಾಕಿಲ್ಲ ಅಂತ ಮಾವ ಅಟ ಇಡಿದ್ರು. ಡ್ರಮ್ಮು, ಟ್ರಂಕು, ಒರಳು, ಮೂಟೆ, ಒಲೆ ಎಲ್ಲಾ ಅಮ್ಮನ ಮನೇಲಿ ಇಳಿಸಿಬಿಟ್ವಿ. ಈಗ ಕೃಷ್ಣಗಿರೀಲಿ ಒಂದು ಬಂಕಲ್ಲಿ ನಿಂತಿದ್ದೀವಿ. ಇಲ್ಲಿ ನೀರು ಬೇಕಾದಷ್ಟು ಐತೆ. ಮಂಚ ಪೂರ್ತಿ ಎಳ್ಕೊಂಡು ಅಮ್ಮ ನಾನು ಮಲಗಿದ್ದೀವಿ. ಒಂಬತ್ತು ಗೇಣು! ನಮ್ ಕಾಲಿಂದ ಆಚೆಗೇ ಇನ್ನೊಬ್ರು ಮಲಗ್ಬೋದು. ನೀವು ಕೊರೆದ ಕಿಂಡೀಲಿ ಗಾಳಿ ಎಷ್ಟು ಚೆನ್ನಾಗಿ ಬತ್ತೈತೆ ಗೊತ್ತಾ?"

ಬೈರೇಶ ಬಾಯಿ ತೆರೆದ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ, ಅಲ್ಲೇ ಕಾದಿರಿ, ಮಂಚವನ್ನು ತಳ್ಳಬೇಡಿ ಎಂದು ಹೇಳುವವನಿದ್ದ.

ಅಷ್ಟರಲ್ಲಿ ಬೀದಿಯಲ್ಲಿ ಗಂಟೆ ಕಿಣಿಗುಟ್ಟಿತು. ಇಷ್ಟು ಹೊತ್ತಿನಲ್ಲಿ ರಾಣಿ ಎಂದೂ ಬರುತ್ತಿರಲಿಲ್ಲ. ಇವತ್ತು ಅದಕ್ಕೂ ಮನೆಯಲ್ಲಿ ಜಾಗವಿರಲಿಲ್ಲ, ಮೇಲಾಗಿ ಅದು ಒಂಟಿಯೂ ಆಗಿರಲಿಲ್ಲ. ವಾಣಿಯಂಬಾಡಿಯವರು ಮೊಮ್ಮಗಳಿಗೆ ಉಡುಗೊರೆಯಾಗಿ ಒಂದು ಹೋತವನ್ನು ವ್ಯಾನಿನಲ್ಲಿ ಹತ್ತಿಸಿಕೊಂಡು ಬಂದಿದ್ದರು. ರಾಣಿ ನೆಂಟನನ್ನು ಊರು ತೋರಿಸಲು ಕರೆತಂದಿತ್ತು. ಬೈರೇಶನ ಬಲಗಾಲನ್ನು ತಾನಿಟ್ಟುಕೊಂಡು, ಎಡಗಾಲನ್ನು ಅದಕ್ಕೆ ಬಿಟ್ಟುಕೊಟ್ಟಿತು.

"ಅರುಣಾ, ನಾಳೆ ನಾನು... ಹಿಹ್ಹಿ... ಬಸ್ಸಿಗೆ... ಅಯ್ಯೋ ಹಹ್ಹಹ್ಹಾ!"

"ಏನು, ಅಷ್ಟು ನಗ್ತಿದ್ದೀರಿ?"

"ಇಲ್ಲ ಕಣೇ, ಕಾಲು... ಹಹ್ಹಹ್ಹ... ಬಿಡು, ಬಿಡೇ... ಹೊಹ್ಹೊಹ್ಹೋ!"

ಆ ಕಡೆ ಅರುಣಕುಮಾರಿ ಕಣ್ಣೊರೆಸಿಕೊಂಡಳು. ಗಂಡ ಇಷ್ಟು ಮನಸಾರೆ ನಕ್ಕದ್ದನ್ನು ಅವಳು ಕೇಳಿರಲೇ ಇಲ್ಲ. ಬೇಜಾರಿನಲ್ಲಿ ಕೂತಿರುತ್ತಾನೇನೋ ಎಂದು ಬೂದಿಕೋಟೆಯಿಂದಲೂ ಅವಳ ಜೀವ ಹೊಯ್ದಾಡುತ್ತಿತ್ತು.

"ನೀವು ಸಂತೋಷವಾಗಿದ್ದೀರಲ್ಲ, ಅಷ್ಟು ಸಾಕು," ಅಂದಳು. "ಅಂಗಾದ್ರೆ ನಾವು ಇನ್ನೊಂದು ವಾರ ಇದ್ದು, ರಾಮೇಶ್ವರಾನೂ ನೋಡ್ಕೊಂಡು ಬತ್ತೀವಿ."